ಉತ್ತಮಾಂಗದ ಅರಿವು: ಪಾರ್ಶ್ವವಾಯು ಬಡಿದಾಗ ಮೊದಲು ಎಲ್ಲಿಗೆ?



ಎದೆ ಹಿಡಿದುಕೊಂಡು ಒಬ್ಬರು ಕುಸಿದರೆ ಇಂದು ಯಾವ ಮನೆಯವರೂ ತಡಮಾಡುವುದಿಲ್ಲ. ಹೃದಯಾಘಾತವಿರಬಹುದೆಂದು ಶಾಲೆಗೆ ಹೋಗುವ ಮಗುವೂ ಊಹಿಸಬಲ್ಲದು. ಕೂಡಲೇ ವಾಹನ ಬಾಗಿಲಿಗೆ ಬರುತ್ತದೆ. ಆದರೆ ಅದೇ ಮನೆಯ ಹಿರಿಯರಿಗೆ ಬೆಳಗಿನ ಹೊತ್ತು ಬಾಯಿ ಒಂದು ಕಡೆಗೆ ವಾಲಿ, ಕೈ ಜೋತುಬಿದ್ದು, ಮಾತು ತೊದಲತೊಡಗಿದರೆ ನಡೆಯುವುದೇ ಬೇರೆ. "ಗಾಳಿ ಹೊಡೆದಿದೆ" ಎನ್ನುವವರೊಬ್ಬರು, "ಲಕ್ವಕ್ಕೆ ಇಂಥ ಊರಿನಲ್ಲಿ ಸೊಪ್ಪಿನ ರಸ ಹಾಕುತ್ತಾರೆ" ಎನ್ನುವವರೊಬ್ಬರು, "ಎಣ್ಣೆ ಕಾಯಿಸಿ ತಿಕ್ಕಿ, ಸಂಜೆಯವರೆಗೆ ನೋಡೋಣ" ಎನ್ನುವವರೊಬ್ಬರು. ಈ ಚರ್ಚೆ ಮುಗಿಯುವಷ್ಟರಲ್ಲಿ ಮರಳಿ ಬಾರದ ಹೊತ್ತು ಕಳೆದುಹೋಗಿರುತ್ತದೆ.

ಯಲಹಂಕದ ಸುತ್ತಮುತ್ತ ಸುಮಾರು ನಾಲ್ಕು ದಶಕಗಳಿಂದ ಆಯುರ್ವೇದ ವೈದ್ಯವೃತ್ತಿಯಲ್ಲಿರುವ ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು. ಪಾರ್ಶ್ವವಾಯು ಬಡಿದ ಗಳಿಗೆಯಲ್ಲಿ ನನ್ನಂಥ ವೈದ್ಯರ ಬಳಿಗೆ ಬರಬೇಡಿರಿ. ನೇರವಾಗಿ ಸಿಟಿ ಸ್ಕ್ಯಾನ್ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಗೆ ಹೋಗಿರಿ. ನಮ್ಮ ಬಳಿಗೆ ಬರುವ ಕಾಲ ಬೇರೆ ಇದೆ. ಈ ಮಾತು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಮಿದುಳು ಎಂಬ ಅಂಗದ ರಚನೆಯನ್ನೂ ಅದರ ಒಂದೊಂದು ಭಾಗದ ಕೆಲಸವನ್ನೂ ಸ್ವಲ್ಪ ಅರಿತುಕೊಂಡರೆ ಇದರ ಹಿಂದಿನ ಕಾರಣ ತಾನಾಗಿಯೇ ಸ್ಪಷ್ಟವಾಗುತ್ತದೆ.

ಪ್ರಾಚೀನರು ಕಂಡ ಶಿರಸ್ಸು

ಚರಕಸಂಹಿತೆಯ ಸೂತ್ರಸ್ಥಾನವು ಶಿರಸ್ಸನ್ನು ಉತ್ತಮಾಂಗವೆಂದು ಕರೆದು, ಪ್ರಾಣವೂ ಸಮಸ್ತ ಇಂದ್ರಿಯಗಳೂ ಅದನ್ನು ಆಶ್ರಯಿಸಿವೆ ಎನ್ನುತ್ತದೆ. ಹೃದಯ, ಬಸ್ತಿ, ಶಿರಸ್ಸು ಇವು ಮೂರನ್ನು ಮಹಾಮರ್ಮಗಳೆಂದು ಎಣಿಸುತ್ತದೆ. ಸುಶ್ರುತನು ಹೇಳುವ 107 ಮರ್ಮಗಳಲ್ಲಿ 37 ಕೊರಳು ಮತ್ತು ತಲೆಯ ಭಾಗದಲ್ಲಿಯೇ ಇವೆ. ಭೇಲಸಂಹಿತೆಯು ಮನಸ್ಸಿನ ನೆಲೆಯನ್ನು ಶಿರಸ್ಸು ಮತ್ತು ಅಂಗುಳಿನ ನಡುವೆ ಗುರುತಿಸುತ್ತದೆ. ಉಪಕರಣಗಳಿಲ್ಲದ ಕಾಲದಲ್ಲಿ ನಮ್ಮ ಆಚಾರ್ಯರು ಇಷ್ಟನ್ನು ಕಂಡುಕೊಂಡರೆಂಬುದು ಹೆಮ್ಮೆಯ ಸಂಗತಿ. ಆದರೆ ತಲೆಬುರುಡೆಯ ಒಳಗೆ ಯಾವ ಭಾಗ ಯಾವ ಕೆಲಸ ಮಾಡುತ್ತದೆ, ಯಾವ ರಕ್ತನಾಳ ಎಲ್ಲಿ ಮುಚ್ಚಿಕೊಂಡಿದೆ ಎಂಬುದನ್ನು ಕಣ್ಣಾರೆ ಕಾಣುವ ಸಾಧನ ಅವರಿಗಿರಲಿಲ್ಲ. ನಮಗೆ ಇದೆ. ಇರುವ ಸಾಧನವನ್ನು ಬಳಸದಿರುವುದು ಶಾಸ್ತ್ರನಿಷ್ಠೆ ಎನಿಸಲಾರದು.

ಮಿದುಳಿನ ಮುಖ್ಯ ಭಾಗಗಳು

ವಯಸ್ಕರ ಮಿದುಳು ಸುಮಾರು 1,300 ರಿಂದ 1,400 ಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಇದರ ಪಾಲು ಶೇಕಡಾ 2ರಷ್ಟು ಮಾತ್ರ. ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ಐದನೆಯ ಒಂದು ಪಾಲನ್ನು ಇದೊಂದೇ ಬಳಸುತ್ತದೆ. ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮನೆಯ ಕಣಜದಂತೆ ಆಹಾರವನ್ನು ಕೂಡಿಟ್ಟುಕೊಳ್ಳುವ ಶಕ್ತಿ ಈ ಕೋಶಗಳಿಗೆ ಇಲ್ಲ. ರಕ್ತ ಕ್ಷಣಕ್ಷಣವೂ ಹರಿದು ಬರುತ್ತಿರಬೇಕು. ಕೆಲವು ನಿಮಿಷ ನಿಂತರೂ ಕೋಶಗಳು ಸಾಯತೊಡಗುತ್ತವೆ. ಮುಂದೆ ಹೇಳುವ ಎಲ್ಲ ಮಾತಿಗೂ ಇದೇ ಬುನಾದಿ.

ಮಿದುಳಿನ ಅತಿ ದೊಡ್ಡ ಭಾಗ ಮಹಾಮಸ್ತಿಷ್ಕ. ಅಕ್ರೋಟಿನ ತಿರುಳಿನಂತೆ ಸುಕ್ಕುಸುಕ್ಕಾಗಿ, ಎಡ ಬಲ ಎಂದು ಎರಡು ಅರ್ಧಗೋಳಗಳಾಗಿ ಇದು ವಿಭಾಗವಾಗಿದೆ. ಎಡಗೋಳವು ದೇಹದ ಬಲಭಾಗವನ್ನೂ, ಬಲಗೋಳವು ಎಡಭಾಗವನ್ನೂ ನಡೆಸುತ್ತದೆ. ಮಿದುಳಿನಿಂದ ಇಳಿಯುವ ನರತಂತುಗಳು ಕೆಳಗೆ ಒಂದನ್ನೊಂದು ದಾಟಿ ಎದುರು ಬದಿಗೆ ಹೋಗುವುದೇ ಇದಕ್ಕೆ ಕಾರಣ. ಪಕ್ಷಾಘಾತದಲ್ಲಿ ದೇಹದ ಒಂದು ಪಕ್ಷ ಮಾತ್ರ ಸೋಲುವುದೇಕೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಲಗೈ ಸೋತಿದ್ದರೂ ಕೆಟ್ಟಿರುವುದು ಕೈಯಲ್ಲ, ತಲೆಯ ಎಡಭಾಗ. ಹೀಗಿರುವಾಗ ಕೈಗೆ ಎಣ್ಣೆ ತಿಕ್ಕುತ್ತ ಕುಳಿತರೆ, ಬಾವಿಯಲ್ಲಿ ಮೋಟಾರು ಕೆಟ್ಟಿರುವಾಗ ಮನೆಯ ನಲ್ಲಿಯನ್ನು ಉಜ್ಜಿದಂತಾಗುತ್ತದೆ.

ಮಹಾಮಸ್ತಿಷ್ಕದ ಒಂದೊಂದು ಗೋಳದಲ್ಲಿಯೂ ನಾಲ್ಕು ಹಾಲೆಗಳನ್ನು ಗುರುತಿಸುತ್ತಾರೆ. ಹಣೆಯ ಹಿಂದಿರುವ ಮುಂದಲೆಯ ಹಾಲೆಯು ಆಲೋಚನೆ, ನಿರ್ಧಾರ, ಸಂಯಮ, ಅಂಗಾಂಗಗಳ ಇಚ್ಛಾಪೂರ್ವಕ ಚಲನೆ ಇವುಗಳ ನೆಲೆ. ಮಾತನ್ನು ಹೊರಡಿಸುವ ಕೇಂದ್ರವೂ ಇಲ್ಲಿಯೇ ಇದೆ. ಬಹುಪಾಲು ಜನರಲ್ಲಿ ಅದು ಎಡಭಾಗದಲ್ಲಿರುತ್ತದೆ. 1861ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಇದನ್ನು ತೋರಿಸಿಕೊಟ್ಟನು. ಅವನ ಒಬ್ಬ ರೋಗಿಗೆ ಇತರರ ಮಾತು ಅರ್ಥವಾಗುತ್ತಿತ್ತು, ಆದರೆ ಬಾಯಿಂದ "ಟಾನ್" ಎಂಬ ಒಂದೇ ಶಬ್ದ ಹೊರಡುತ್ತಿತ್ತು. ಆತನು ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಎಡಗಡೆಯ ಮುಂದಲೆಯ ಹಾಲೆಯ ಒಂದು ಭಾಗ ಹಾಳಾಗಿದ್ದುದು ಕಂಡುಬಂತು. ನಮ್ಮ ಮನೆಗಳಲ್ಲಿಯೂ ಪಾರ್ಶ್ವವಾಯುವಾದ ಹಿರಿಯರು ಎಲ್ಲವನ್ನೂ ತಿಳಿದುಕೊಳ್ಳುತ್ತ, ಒಂದು ಮಾತನ್ನೂ ಆಡಲಾರದೆ ಕಣ್ಣೀರು ಹಾಕುವುದುಂಟು. ಅವರ ಬುದ್ಧಿ ಕೆಟ್ಟಿದೆ ಎಂದು ತಿಳಿದು ಅವರೆದುರಿಗೇ ಆಸ್ತಿಯ ಮಾತು, ಆರೈಕೆಯ ಹೊರೆಯ ಮಾತು ಆಡುವವರು ಇದನ್ನು ನೆನಪಿಡಬೇಕು.

ನೆತ್ತಿಯ ಹಾಲೆಯು ಸ್ಪರ್ಶ, ಶೀತೋಷ್ಣ, ದೇಹದ ಯಾವ ಭಾಗ ಎಲ್ಲಿದೆ ಎಂಬ ಅರಿವು ಇವನ್ನು ನೋಡಿಕೊಳ್ಳುತ್ತದೆ. ಬಲಗಡೆಯ ಈ ಹಾಲೆಗೆ ಪೆಟ್ಟಾದ ಕೆಲವರು ತಮ್ಮ ಎಡಗೈಯನ್ನೇ ಮರೆತುಬಿಡುತ್ತಾರೆ. ತಟ್ಟೆಯ ಬಲಭಾಗದ ಅನ್ನವನ್ನಷ್ಟೇ ಉಂಡು ಎಡಭಾಗವನ್ನು ಹಾಗೆಯೇ ಬಿಡುತ್ತಾರೆ. ತಮಗೆ ಏನೂ ಆಗಿಲ್ಲವೆಂದು ವಾದಿಸುವವರೂ ಉಂಟು. ಆದುದರಿಂದ ರೋಗಿಯೇ "ನನಗೇನೂ ಆಗಿಲ್ಲ, ಮಲಗಿದರೆ ಸರಿಹೋಗುತ್ತದೆ" ಎಂದರೂ ಮನೆಯವರು ಅದನ್ನು ನಂಬಿ ಕೂರಬಾರದು. ಹಿಂದಲೆಯ ಹಾಲೆ ನೋಟದ ನೆಲೆ. ಕಣ್ಣು ನಿರ್ದೋಷವಾಗಿದ್ದರೂ ಇದು ಕೆಟ್ಟರೆ ಎದುರಿನ ದೃಶ್ಯದ ಅರ್ಧ ಕಾಣದಂತಾಗುತ್ತದೆ. ಕಿವಿಯ ಬಳಿಯ ಕಣತಲೆಯ ಹಾಲೆ ಶ್ರವಣಕ್ಕೂ ಮಾತಿನ ಅರ್ಥಗ್ರಹಣಕ್ಕೂ ಮೀಸಲು. ಅದರ ಒಳಮಗ್ಗುಲಿನಲ್ಲಿರುವ ಹಿಪ್ಪೊಕ್ಯಾಂಪಸ್ ಹೊಸ ನೆನಪುಗಳನ್ನು ಕೂಡಿಡುತ್ತದೆ. ಮರೆವಿನ ರೋಗವಾದ ಅಲ್ಜೈಮರ್‌ನಲ್ಲಿ ಬಹಳ ಬೇಗ ಹಾನಿಗೊಳಗಾಗುವ ಭಾಗಗಳಲ್ಲಿ ಇದೂ ಒಂದು. ಐವತ್ತು ವರ್ಷದ ಹಿಂದಿನ ಜಾತ್ರೆಯನ್ನು ವರ್ಣಿಸುವ ಅಜ್ಜಿ, ಬೆಳಗಿನ ತಿಂಡಿ ಏನೆಂಬುದನ್ನು ಮರೆಯುವುದು ಇದರಿಂದಲೇ.

ಮಹಾಮಸ್ತಿಷ್ಕದ ಆಳದಲ್ಲಿ ಥಲಾಮಸ್ ಎಂಬ ಭಾಗವಿದೆ. ವಾಸನೆಯೊಂದನ್ನು ಬಿಟ್ಟು ಉಳಿದ ಇಂದ್ರಿಯಗಳ ಸಂದೇಶಗಳು ಇದರ ಮೂಲಕವೇ ಮೇಲಕ್ಕೆ ಹೋಗುತ್ತವೆ. ಅದರ ಕೆಳಗಿರುವ ಹೈಪೊಥಲಾಮಸ್ ಗಾತ್ರದಲ್ಲಿ ಬಾದಾಮಿಯಷ್ಟು. ಹಸಿವು, ಬಾಯಾರಿಕೆ, ದೇಹದ ಶಾಖ, ನಿದ್ರೆ ಇವುಗಳ ಹದವನ್ನು ಕಾಯುತ್ತದೆ.

ತಲೆಯ ಹಿಂಬದಿಯಲ್ಲಿ, ಮಹಾಮಸ್ತಿಷ್ಕದ ಅಡಿಯಲ್ಲಿ ಅನುಮಸ್ತಿಷ್ಕವಿದೆ. ತೂಕದಲ್ಲಿ ಮಿದುಳಿನ ಹತ್ತನೆಯ ಒಂದು ಪಾಲಾದರೂ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಇಲ್ಲಿಯೇ ಇವೆ. ನಡಿಗೆಯ ಸಮತೋಲನ, ಕೈಯ ಕುಶಲತೆ, ಚಲನೆಗಳ ಹೊಂದಾಣಿಕೆ ಇದರ ಕೆಲಸ. ಸೂಜಿಗೆ ದಾರ ಪೋಣಿಸುವುದು, ಸೈಕಲ್ ತುಳಿಯುವುದು, ರೊಟ್ಟಿಯನ್ನು ಅಂಗೈಯಲ್ಲಿ ತಿರುಗಿಸುತ್ತ ತಟ್ಟುವುದು ಎಲ್ಲವೂ ಇದರ ನೆರವಿನಿಂದ. ಇಲ್ಲಿ ರಕ್ತ ನಿಂತರೆ ಕೈಕಾಲು ಸೋಲದೆಯೇ ತಲೆ ತಿರುಗಿ, ವಾಂತಿಯಾಗಿ, ನಡಿಗೆ ತೂರಾಡುತ್ತದೆ. ಇದನ್ನು "ಪಿತ್ತ ಹೆಚ್ಚಾಗಿದೆ" ಎಂದು ಮಜ್ಜಿಗೆ, ನಿಂಬೆರಸ ಕುಡಿಸಿ ಮಲಗಿಸುವುದು ನಮ್ಮಲ್ಲಿ ಸಾಮಾನ್ಯ. ಎಲ್ಲ ತಲೆಸುತ್ತೂ ಪಾರ್ಶ್ವವಾಯುವಲ್ಲ, ನಿಜ. ಆದರೆ ಬಿ.ಪಿ., ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಇದ್ದಕ್ಕಿದ್ದಂತೆ ನೆಟ್ಟಗೆ ನಿಲ್ಲಲಾಗದಿದ್ದರೆ ಅದನ್ನು ಪಿತ್ತವೆಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ.

ಇವೆಲ್ಲಕ್ಕೂ ಕೆಳಗೆ, ಬೆನ್ನುಹುರಿಗೆ ಸೇರುವಂತೆ, ಹೆಬ್ಬೆರಳಿನ ಗಾತ್ರದ ಮಿದುಳಕಾಂಡವಿದೆ. ಉಸಿರಾಟ, ಹೃದಯದ ಬಡಿತ, ರಕ್ತದೊತ್ತಡ, ಎಚ್ಚರ, ನುಂಗುವಿಕೆ ಇವೆಲ್ಲ ಇದರ ವಶದಲ್ಲಿವೆ. ನಾವು ನಿದ್ರಿಸಿದರೂ ಇದು ನಿದ್ರಿಸುವುದಿಲ್ಲ. ಇದರ ಕೊನೆಯ ಭಾಗವಾದ ಮೆಡುಲ್ಲಾದಲ್ಲಿಯೇ, ಮೇಲೆ ಹೇಳಿದಂತೆ, ಎಡಬಲದ ನರತಂತುಗಳು ಒಂದನ್ನೊಂದು ದಾಟುತ್ತವೆ.

ಇದನ್ನೆಲ್ಲ ಕಣ್ಣಾರೆ ನೋಡಬೇಕೆನ್ನುವವರಿಗೆ ನಮ್ಮ ಊರಿನಲ್ಲಿಯೇ ಅವಕಾಶವಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಿದುಳು ಬ್ಯಾಂಕ್ ಆರಂಭವಾಯಿತು. ಅಲ್ಲಿನ ಮಿದುಳು ಸಂಗ್ರಹಾಲಯದಲ್ಲಿ ಪಾರ್ಶ್ವವಾಯು, ಗಡ್ಡೆ, ಅಪಘಾತದ ಪೆಟ್ಟು ಮುಂತಾದವುಗಳಿಂದ ಹಾನಿಗೊಂಡ ನಿಜವಾದ ಮಿದುಳುಗಳನ್ನು ಸಾರ್ವಜನಿಕರೂ ನೋಡಬಹುದು. ತಮ್ಮವರನ್ನು ಕಳೆದುಕೊಂಡ ದುಃಖದಲ್ಲಿಯೂ ಮಿದುಳನ್ನು ದಾನವಾಗಿತ್ತ ಕುಟುಂಬಗಳ ಔದಾರ್ಯದಿಂದ ಬೆಳೆದ ಸಂಗ್ರಹವದು. ನಮ್ಮ ಮಠದ ವಿದ್ಯಾರ್ಥಿನಿಲಯದ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಕರೆದೊಯ್ಯಬೇಕೆಂಬುದು ನನ್ನ ವಿನಂತಿ.

ಕಾಲವೇ ಮಿದುಳು

ಮಿದುಳಿನ ರಕ್ತನಾಳ ಹೆಪ್ಪಿನಿಂದ ಮುಚ್ಚಿಕೊಳ್ಳಬಹುದು, ಇಲ್ಲವೆ ಒಡೆದು ರಕ್ತ ಸೋರಬಹುದು. ಹೆಚ್ಚಿನ ಪಾರ್ಶ್ವವಾಯುಗಳು ಹೆಪ್ಪಿನಿಂದ ಆಗುವಂಥವು. ದೊಡ್ಡ ನಾಳವೊಂದು ಮುಚ್ಚಿದಾಗ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ನರವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಲಾಭ. ದೊಡ್ಡ ನಾಳದ ಹೆಪ್ಪನ್ನು ತೊಡೆಯ ಅಥವಾ ಕೈಯ ರಕ್ತನಾಳದ ಮೂಲಕ ಸಣ್ಣ ನಳಿಕೆ ಕಳುಹಿಸಿ ಹೊರತೆಗೆಯುವ ಚಿಕಿತ್ಸೆಗೆ ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಕಾಲಾವಕಾಶವಿದೆ.

ಹೆಪ್ಪೋ ಸೋರಿಕೆಯೋ ಎಂಬುದು ನಾಡಿ ಹಿಡಿದು ತಿಳಿಯುವ ಸಂಗತಿಯಲ್ಲ, ಮುಖ ನೋಡಿ ಹೇಳುವ ಸಂಗತಿಯೂ ಅಲ್ಲ. ಸ್ಕ್ಯಾನ್ ಮಾತ್ರ ಹೇಳಬಲ್ಲದು. ಸೋರುತ್ತಿರುವವರಿಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಪ್ರಾಣಕ್ಕೇ ಅಪಾಯ. ಆದುದರಿಂದಲೇ ಮನೆಯಲ್ಲಿ ಆಸ್ಪಿರಿನ್ ಮಾತ್ರೆ ನುಂಗಿಸುವುದೂ ಸಲ್ಲದು. ಹೃದಯಾಘಾತಕ್ಕೆ ಹೇಳುವ ಉಪಾಯ ಇಲ್ಲಿಗೆ ಹೊಂದುವುದಿಲ್ಲ.

ಈಗ ನಮ್ಮ ಕಡೆಯ ದಾರಿಗಳನ್ನು ನೆನೆಯಿರಿ. ಯಲಹಂಕದಿಂದ ಹೆಬ್ಬಾಳದ ಮೇಲ್ಸೇತುವೆ ದಾಟುವುದಕ್ಕೇ ಕೆಲವು ದಿನ ಒಂದು ಗಂಟೆ ಹಿಡಿಯುತ್ತದೆ. ಯಶವಂತಪುರದ ಮಾರುಕಟ್ಟೆಯ ಬಳಿ, ಆರ್.ಟಿ. ನಗರದ ಒಳರಸ್ತೆಗಳಲ್ಲಿ ಸಂಜೆಯ ಸ್ಥಿತಿ ಎಲ್ಲರಿಗೂ ಗೊತ್ತು. ಆಸ್ಪತ್ರೆ ತಲುಪಿದ ಮೇಲೆ ಸ್ಕ್ಯಾನ್, ರಕ್ತಪರೀಕ್ಷೆಗಳಿಗೂ ಹೊತ್ತು ಬೇಕು. ನಾಲ್ಕೂವರೆ ಗಂಟೆಯಲ್ಲಿ ಇವನ್ನೆಲ್ಲ ಕಳೆದರೆ ಮನೆಯ ಜಗಲಿಯಲ್ಲಿ ಸಮಾಲೋಚನೆಗೆ ಉಳಿಯುವುದು ಎಷ್ಟು? ಇನ್ನು ಸೊಪ್ಪಿನ ರಸಕ್ಕೆಂದು ಕಾರು ಮಾಡಿಕೊಂಡು ಬೇರೆ ಜಿಲ್ಲೆಗೆ ಹೊರಡುವವರಿಗೆ ಏನು ಹೇಳೋಣ?

ಶಾಸ್ತ್ರವನ್ನು ಬಿಟ್ಟುಕೊಟ್ಟಂತಾಗುವುದೆ?

"ಡಾಕ್ಟರೆ, ತಾವೇ ಹೀಗೆ ಹೇಳಿದರೆ ಆಯುರ್ವೇದದ ಗೌರವ ಉಳಿಯುವುದೆ?" ಎಂದು ಕೆಲವು ಹಿರಿಯ ಭಕ್ತರು ಕೇಳಿದ್ದಾರೆ. ಪ್ರಶ್ನೆ ಪ್ರೀತಿಯಿಂದ ಹುಟ್ಟಿದ್ದು; ಅದಕ್ಕೆ ಶಾಸ್ತ್ರದಿಂದಲೇ ಉತ್ತರ ಕೊಡುತ್ತೇನೆ. ಕಾಯಚಿಕಿತ್ಸೆಯ ಮಹಾಗ್ರಂಥವಾದ ಚರಕಸಂಹಿತೆಯು ಗುಲ್ಮರೋಗವನ್ನು ವಿವರಿಸುವಾಗ, ಅದು ಪಕ್ವವಾಗಿ ಶಸ್ತ್ರಕ್ರಿಯೆ ಬೇಕಾದ ಹಂತಕ್ಕೆ ಬಂದರೆ ಅಲ್ಲಿ ಅಧಿಕಾರ ಧಾನ್ವಂತರೀಯರದು, ಅಂದರೆ ಶಸ್ತ್ರವೈದ್ಯರದು, ಎಂದು ಸ್ಪಷ್ಟವಾಗಿ ಬಿಟ್ಟುಕೊಡುತ್ತದೆ. ತನಗಿಂತ ಸಮರ್ಥರಾದವರಿಗೆ ರೋಗಿಯನ್ನು ಒಪ್ಪಿಸುವುದು ಚರಕನಿಗೆ ಅವಮಾನವೆನಿಸಲಿಲ್ಲ. ನಮಗೆ ಏಕೆ ಅನಿಸಬೇಕು? ಹೆಪ್ಪು ಕೂತ ಮಿದುಳಿಗೆ ಮೊದಲ ಗಂಟೆಗಳಲ್ಲಿ ಅಧಿಕಾರ ಇರುವುದು ನರರೋಗ ತಜ್ಞರಿಗೆ.

ನಮ್ಮ ಪಾಲಿನ ಕೆಲಸ ಅನಂತರ ಬರುತ್ತದೆ. ಚರಕನು ವಾತವ್ಯಾಧಿ ಪ್ರಕರಣದಲ್ಲಿ ಪಕ್ಷಾಘಾತದ ಚಿಕಿತ್ಸೆಯನ್ನು ಹೇಳಿದ್ದಾನೆ. ಸ್ನೇಹನ, ಸ್ವೇದನ, ವಿರೇಚನ ಮುಂತಾದ ಕ್ರಮಗಳಿವೆ, ಪಥ್ಯವಿದೆ, ದಿನಚರ್ಯೆಯಿದೆ. ಅಪಾಯದ ಹಂತ ದಾಟಿ, ಆಸ್ಪತ್ರೆಯ ವೈದ್ಯರು ಒಪ್ಪಿದ ಮೇಲೆ, ಫಿಸಿಯೋಥೆರಪಿಯ ಜೊತೆಗೆ ಇವುಗಳನ್ನು ನಡೆಸಬಹುದು. ಆಗಲೂ ಎರಡು ಎಚ್ಚರಿಕೆಗಳು ಬೇಕು. ಸೋತ ಭುಜವನ್ನು ಬಲವಾಗಿ ಎಳೆದು ತಿಕ್ಕಬಾರದು, ಕೀಲು ಜಾರುವ ಸಂಭವವಿದೆ. ಆಸ್ಪತ್ರೆಯಲ್ಲಿ ಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆ, ಬಿ.ಪಿ. ಮಾತ್ರೆಗಳನ್ನು ಕಷಾಯ ಆರಂಭಿಸಿದೆವೆಂದು ನಿಲ್ಲಿಸಬಾರದು; ಯಾವ ಔಷಧ ಸೇವಿಸುತ್ತಿದ್ದೀರೆಂಬುದನ್ನು ಇಬ್ಬರು ವೈದ್ಯರಿಗೂ ತಿಳಿಸಬೇಕು.

ಆ ಗಳಿಗೆಯಲ್ಲಿ ಮಾಡಬೇಕಾದುದು

ಲಕ್ಷಣಗಳನ್ನು ಮಿದುಳಿನ ಭಾಗಗಳೊಡನೆ ಸೇರಿಸಿ ನೆನಪಿಡಿರಿ. ನಗಲು ಹೇಳಿ: ಬಾಯಿ ಒಂದು ಕಡೆಗೆ ವಾಲುತ್ತದೆಯೆ? ಎರಡೂ ಕೈಗಳನ್ನು ಮುಂದಕ್ಕೆ ಎತ್ತಿ ಹಿಡಿಯಲು ಹೇಳಿ: ಒಂದು ಕೈ ಕೆಳಗಿಳಿಯುತ್ತದೆಯೆ? ಒಂದು ಸಣ್ಣ ವಾಕ್ಯ ಹೇಳಿಸಿ: ಮಾತು ತೊದಲುತ್ತದೆಯೆ, ಸಂಬಂಧವಿಲ್ಲದ ಮಾತು ಬರುತ್ತದೆಯೆ? ಹಠಾತ್ತನೆ ನೋಟ ಮಸುಕಾಯಿತೆ? ನಿಂತರೆ ತೂರಾಡುತ್ತಾರೆಯೆ? ಇವುಗಳಲ್ಲಿ ಒಂದು ಕಂಡರೂ ಸಾಕು. ಲಕ್ಷಣ ಆರಂಭವಾದ ಹೊತ್ತನ್ನು, ಅದು ತಿಳಿಯದಿದ್ದರೆ ಕೊನೆಯದಾಗಿ ಚೆನ್ನಾಗಿದ್ದ ಹೊತ್ತನ್ನು ಗುರುತು ಹಾಕಿಕೊಳ್ಳಿರಿ; ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ನಮ್ಮ ರಾಜ್ಯದಲ್ಲಿ 2008ರಿಂದ ಇರುವ ಆರೋಗ್ಯ ಕವಚದ 108ಕ್ಕೆ ಕರೆಮಾಡಿರಿ, ಅಥವಾ ಕೈಗೆಟುಕುವ ವಾಹನದಲ್ಲಿ ಹೊರಡಿರಿ.

ಇನ್ನೊಂದು ಮಾತನ್ನು ಮಠದ ಭಕ್ತರಿಗೆಂದೇ ವಿನಯದಿಂದ ಹೇಳಬೇಕಾಗಿದೆ. ನುಂಗುವ ಕ್ರಿಯೆ ಮಿದುಳಕಾಂಡದ ವಶದಲ್ಲಿದೆ ಎಂದೆನಷ್ಟೆ. ಪಾರ್ಶ್ವವಾಯುವಿನಲ್ಲಿ ಅದು ಕೆಟ್ಟಿರಬಹುದು. ಆಗ ಬಾಯಿಗೆ ಹಾಕಿದ ನೀರು, ಕಾಫಿ, ಕಷಾಯ, ಮಾತ್ರೆ ಯಾವುದೇ ಆಗಲಿ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು, ಶ್ವಾಸಕೋಶದ ಸೋಂಕಿಗೂ ಕಾರಣವಾಗಬಹುದು. ಆತಂಕದ ಹೊತ್ತಿನಲ್ಲಿ ಹಿರಿಯರ ಬಾಯಿಗೆ ಪಾದೋದಕ ಬಿಡಬೇಕೆಂದು ಮನೆಯವರಿಗೆ ಅನಿಸುವುದು ಸಹಜ. ದಯವಿಟ್ಟು ಆಗ ಹಾಗೆ ಮಾಡಬೇಡಿರಿ. ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಸ್ಮರಿಸಿ ಹೊರಡಿರಿ. ನುಂಗುವ ಶಕ್ತಿಯನ್ನು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆ ಪಾದೋದಕವನ್ನೂ ಕೊಡಬಹುದು, ಗಂಜಿಯನ್ನೂ ಕೊಡಬಹುದು.

ಹತ್ತು ನಿಮಿಷದಲ್ಲಿ ಕೈ ಸರಿಹೋಯಿತು, ಮಾತು ಮರಳಿತು ಎಂದು ಹಿಂದಿರುಗುವವರೂ ಇದ್ದಾರೆ. ಅದು ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು. ಅಂದೇ ಪರೀಕ್ಷೆ ಆಗಬೇಕು.

ಕಾಯಿಲೆಗೆ ಮುಂಚಿನ ಕಾಯಕ

ಪಾರ್ಶ್ವವಾಯುವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಹತೋಟಿಯಲ್ಲಿಲ್ಲದ ರಕ್ತದೊತ್ತಡ. ಅದಕ್ಕೆ ನೋವಿಲ್ಲ, ಸದ್ದಿಲ್ಲ. "ಈಗ ಚೆನ್ನಾಗಿದ್ದೇನೆ" ಎಂದು ಮಾತ್ರೆ ಬಿಡುವವರೇ ಹೆಚ್ಚು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ಲೆಕ್ಕವೂ ಇದರಲ್ಲಿ ಸೇರಬೇಕು. ಎಲೆ ಅಡಿಕೆಯೊಡನೆ ಹೊಗೆಸೊಪ್ಪು, ಬೀಡಿ, ಮದ್ಯ ಇವುಗಳನ್ನು ಬಿಡಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ನಾಡಿ ಪರೀಕ್ಷೆಯಲ್ಲಿ ಬಡಿತದ ಲಯ ತಪ್ಪಿದ್ದು ಕಂಡರೆ ನಾನು ಕೂಡಲೇ ಇಸಿಜಿಗೆ ಕಳುಹಿಸುತ್ತೇನೆ. ಹೃದಯದ ಲಯದೋಷದಲ್ಲಿ ಅಲ್ಲಿ ಹುಟ್ಟಿದ ಹೆಪ್ಪು ಮಿದುಳಿಗೆ ಸಾಗುವುದುಂಟು. ಹಳೆಯ ನಾಡಿಯೂ ಹೊಸ ಯಂತ್ರವೂ ಹೀಗೆ ಒಂದಕ್ಕೊಂದು ನೆರವಾಗಬಲ್ಲವು.

ಸರ್ಕಾರವೂ ಎಚ್ಚೆತ್ತಿದೆ. 2022ರಲ್ಲಿ ನಿಮ್ಹಾನ್ಸ್ ಸಹಯೋಗದಲ್ಲಿ ಆರಂಭವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಪಾರ್ಶ್ವವಾಯು, ಅಪಸ್ಮಾರ, ಮರೆವಿನ ರೋಗಗಳನ್ನು ಗುರುತಿಸುವ ತರಬೇತಿ ದೊರೆತಿದೆ. ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳ 45 ವರ್ಷ ದಾಟಿದವರ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸುತ್ತ, ವಯಸ್ಸಾದಂತೆ ಮಿದುಳು ಹೇಗೆ ಬದಲಾಗುತ್ತದೆ, ಅದನ್ನು ಕಾಪಾಡುವುದು ಯಾವುದು ಎಂದು ಅಧ್ಯಯನ ನಡೆಸುತ್ತಿದೆ. ನಮ್ಮ ರೈತರು, ನಮ್ಮ ಕೂಲಿಕಾರರ ಮಿದುಳಿನಿಂದಲೇ ಜಗತ್ತು ಕಲಿಯಲಿರುವುದು ಸಣ್ಣ ಸಂಗತಿಯಲ್ಲ.

ಆದರೆ ಸಂಸ್ಥೆಗಳು ಎಷ್ಟಿದ್ದರೂ ಮೊದಲ ಹತ್ತು ನಿಮಿಷ ಮನೆಯವರ ಕೈಯಲ್ಲಿದೆ. ಆದುದರಿಂದ ಈ ಸಂಚಿಕೆಯನ್ನು ಮುಚ್ಚಿಡುವ ಮುನ್ನ ಒಂದು ಕೆಲಸ ಮಾಡಿರಿ. ನಿಮ್ಮ ಮನೆಗೆ ಹತ್ತಿರದಲ್ಲಿ, ಹಗಲಿರುಳೂ ಸಿಟಿ ಸ್ಕ್ಯಾನ್ ಮತ್ತು ಹೆಪ್ಪು ಕರಗಿಸುವ ಚಿಕಿತ್ಸೆ ದೊರೆಯುವ ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿ, ಅದರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಬರೆದು, ಮನೆಯ ಹಿರಿಯರೂ ಕಿರಿಯರೂ ಕಾಣುವಂತೆ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿರಿ. ಆ ಚೀಟಿ ಎಂದೂ ಬಳಕೆಗೆ ಬಾರದಿರಲಿ ಎಂಬುದೇ ನನ್ನ ಹಾರೈಕೆ. ಬಂದರೆ, ತಡವಾಗದಿರಲಿ.